ಕಣ ಮುಚ್ಚಿದ ಕಾಲದ ಚೆಂಡಾಟ

ಕಾರಹುಣ್ಣಿಮೆಯ ಆ ಬೆಳಗ್ಗೆ ಆಳಂದದ ಮೇಲೆ ಮಳೆ ಬರಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ. ಸೊಲ್ಲಾಪುರದ ಕಡೆಯಿಂದ ಎದ್ದು ಬಂದ ಮೋಡ ಊರ ಮೇಲೆ ಕಂಬಳಿ ಹಾಸಿಕೊಂಡು ಅಲ್ಲೇ ಕೂತುಬಿಟ್ಟಿತ್ತು. ಖಜೂರಿಯ ಹೊಲಗಳ ಮೇಲೆ ಆಗಲೇ ಮೃಗಶಿರ ನಕ್ಷತ್ರದ ಮಿರಗದ ಮಳೆ ಬಿದ್ದಿದೆ ಎಂಬುದನ್ನು ಗಾಳಿ ತಾನೇ ಹೊತ್ತು ತಂದು ಹೇಳುತ್ತಿತ್ತು. ಹಸಿಮಣ್ಣಿನ ಆ ವಾಸನೆಗೆ ಎತ್ತುಗಳು ಗೋದಲಿ ಬಿಟ್ಟು ತಲೆ ಎತ್ತುತ್ತಿದ್ದವು. ಶಿವ ಕೊಟ್ಟರೆ ಸಂಜೆಯೊಳಗೆ ಕೊಟ್ಟಾನು ಎಂದು ಜನ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದರು.

ದೌಲತರಾಯ ವಸ್ತಾದ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ತನ್ನ ತಾಲೀಮಿಗೆ ಬಂದ. ತಾಲೀಮೆಂದರೆ ಆ ಸೀಮೆಯ ಗರಡಿಮನೆ. ವಸ್ತಾದನೆಂದರೆ ಅಲ್ಲಿ ಕುಸ್ತಿ ಕಲಿಸುವ ಗುರು. ಮಣ್ಣಿನ ಗೋಡೆ, ತಗಡಿನ ಚಾವಣಿ, ಮೂಲೆಯ ಗೂಡಿನಲ್ಲಿ ಎಣ್ಣೆ ಕುಡಿದು ಕಪ್ಪಾದ ಹಣಮಪ್ಪನ ಮೂರ್ತಿ, ನಡುವೆ ಕೆಮ್ಮಣ್ಣಿನ ಕಣ. ಮಳೆಗಾಲ ಹತ್ತಿರ ಬಂತೆಂದರೆ ಪೈಲ್ವಾನರೆಲ್ಲ ತೊಗರಿ ಬಿತ್ತಲು ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಆಗ ಕಣದ ಮಣ್ಣನ್ನು ಕೆದರಿ, ಒಳ್ಳೆಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿ, ಮೇಲೆ ಈಚಲ ಚಾಪೆ ಹೊದಿಸಿಬಿಡುವುದು. ಹೊದಿಸಿದ ಮೇಲೆ ನಾಗರಪಂಚಮಿಯ ತನಕ ಅದರ ಮೇಲೆ ಕಾಲಿಡಬಾರದು, ಕೈ ಹಾಕಬಾರದು. ವರ್ಷವಿಡೀ ಎದೆಯ ಮೇಲೆ ಗಂಡಸರನ್ನು ಹೊತ್ತ ಮಣ್ಣು ಅದು, ಅದಕ್ಕೂ ನಿದ್ದೆ ಬೇಡವೇ ಎಂದು ವಸ್ತಾದನ ಗುರು ಹೇಳುತ್ತಿದ್ದ.

ಕೊನೆಯ ಚಾಪೆ ಎಳೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮಲ್ಕಪ್ಪ. ಕರಜಗಿಯ ಹುಡುಗ, ಹುಡುಗನೆಂದರೂ ಬಾಗಿಲ ತುಂಬ ನಿಲ್ಲುವ ಆಳು. ಕೈಯಲ್ಲಿ ಒಂದು ತೆಂಗಿನಕಾಯಿ. ಹೊಸ್ತಿಲು ದಾಟಲಿಲ್ಲ.

"ಶರಣ್ರಿ ವಸ್ತಾದರ."

ವಸ್ತಾದ ಚಾಪೆಯ ಅಂಚು ಸರಿಪಡಿಸುತ್ತ, "ಹ್ಞೂಂ," ಅಂದ.

"ಪಂಚಮಿಗೆ ನಮ್ಮೂರಾಗ ತಾಲೀಮ ತೆರೀಬೇಕಂತ ಮಾಡೀವ್ರಿ. ಕಣ ತೋಡೀವಿ. ಹುಡುಗರು ಕಾಯಾಕತ್ತಾರ. ನಿಮ್ಮ ಕೈಯಿಂದ ಒಂದ್ ಹಿಡಿ..."

"ಹೊದಿಕಿ ಹಾಕೀನಿ. ಕಾಣಸ್ತದಲ್ಲ?"

"ಇನ್ನೂ ಒಂದು ಮೂಲಿ ತೆರದೈತಲ್ರಿ."

ವಸ್ತಾದ ಆ ಮೂಲೆಯನ್ನೂ ಎಳೆದು ಮುಚ್ಚಿದ. "ಈಗ ಮುಚ್ಚಿತು. ಹೋಗಿ ಬಾ."

ಮಲ್ಕಪ್ಪ ತೆಂಗಿನಕಾಯನ್ನು ಹೊಸ್ತಿಲ ಮೇಲಿಟ್ಟು, ಹೊಸ್ತಿಲನ್ನೇ ಮುಟ್ಟಿ ಹಣೆಗೆ ಒತ್ತಿಕೊಂಡು ಹೊರಟುಹೋದ.

ಏನಿದು ಹಿಡಿ ಮಣ್ಣಿನ ಮಾತೆಂದರೆ, ಆ ತಾಲೀಮಿಗೆ ಸೇರುವವನು ತನ್ನ ಹೊಲದಿಂದ ಒಂದು ಹಿಡಿ ಮಣ್ಣು ತಂದು ಕಣಕ್ಕೆ ಹಾಕಬೇಕು. ಕಲಿತು, ಗುರುವಿನ ಒಪ್ಪಿಗೆ ಪಡೆದು ಹೊರಡುವ ದಿನ ವಸ್ತಾದ ಕಣದಿಂದ ಒಂದು ಹಿಡಿ ತೆಗೆದು ಬಟ್ಟೆಯಲ್ಲಿ ಕಟ್ಟಿ ಕೊಡಬೇಕು. ಆ ಹಿಡಿ ಬೀಳದ ಕಣದಲ್ಲಿ ಯಾರೂ ಲಂಗೋಟಿ ಬಿಗಿಯುವುದಿಲ್ಲ. ಮಲ್ಕಪ್ಪ ತಂದದ್ದು ಭೀಮಾ ದಂಡೆಯ ಎರೆ ಮಣ್ಣು. ಅದು ಕಣದ ಕೆಂಪಿನಲ್ಲಿ ಬೆರೆತು ಎಷ್ಟೋ ವರ್ಷಗಳಾಗಿದ್ದವು. ಅವನ ಹಿಡಿ ಮಾತ್ರ ವಸ್ತಾದನ ಕಡೆ ಬಾಕಿ ಉಳಿದಿತ್ತು.

ಉಳಿಯಲು ಕಾರಣ ಅಫಜಲಪುರದ ಕುಸ್ತಿ. ಯುಗಾದಿ ಮುಗಿದ ಮೇಲೆ ಅಲ್ಲಿ ದೊಡ್ಡ ಜೋಡಿಗಳ ಕುಸ್ತಿ ಇತ್ತು. ಕೊನೆಯ ಕುಸ್ತಿಗೆ ವಸ್ತಾದ ತನ್ನ ಇನ್ನೊಬ್ಬ ಶಿಷ್ಯ, ಜೇವರ್ಗಿಯ ಸರ್ದಾರನನ್ನು ಇಳಿಸಿದ್ದ. ಎದುರಿಗೆ ಬರಬೇಕಿದ್ದ ಕರಜಗಿಯ ಪೈಲ್ವಾನನಿಗೆ ಜ್ವರ. ಕಣ ಖಾಲಿ ಬಿಟ್ಟರೆ ಮಾನ ಹೋಗುತ್ತದೆಂದು ಕರಜಗಿಯ ಹಿರಿಯರು ಮಲ್ಕಪ್ಪನನ್ನು ಕರೆದರು. "ಊರ ಮರ್ಯಾದಿ, ಬಾರಲೇ," ಎಂದರು. ಒಂದೇ ತಾಲೀಮಿನ ಮಣ್ಣು ಮೈಗೆ ಹಚ್ಚಿಕೊಂಡವರು ಬಯಲು ಕಣದಲ್ಲಿ ಎದುರುಬದುರು ನಿಲ್ಲಬಾರದು ಎಂಬುದು ಅವನಿಗೆ ಗೊತ್ತಿತ್ತು. ಆದರೂ ಇಳಿದ. ಇಳಿದದ್ದಷ್ಟೇ ಅಲ್ಲ, ವಸ್ತಾದ ತಾನೇ ಕೈ ಹಿಡಿದು ಕಲಿಸಿದ ಢಾಕ ಪಟ್ಟನ್ನು ಹಾಕಿ, ಬೆನ್ನು ನೆಲಕ್ಕೆ ಹತ್ತಿಸಿ ಸರ್ದಾರನನ್ನು ಚಿತ್ ಮಾಡಿದ. ಬಂದು ಕಾಲಿಗೆ ಬಾಗಿದಾಗ ಅಷ್ಟು ಜನರ ನಡುವೆ ವಸ್ತಾದ ಕಾಲು ಹಿಂದಕ್ಕೆ ಎಳೆದುಕೊಂಡ. ಅಂದಿನಿಂದ ಗುರುವಿನ ಎದೆಯಲ್ಲಿ ಒಂದು ಮುಳ್ಳು. ತೆಗೆಯೋಣವೆಂದರೆ ಅದು ಎಲ್ಲಿ ಮುರಿದಿದೆ ಎಂಬುದೇ ಸಿಗುತ್ತಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಗುರುಬಾಯಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಗಂಡನ ಕೈಯಲ್ಲಿದ್ದ ತೆಂಗಿನಕಾಯಿ ನೋಡಿದಳು. ನೋಡಿದ್ದೇ ತಡ, ಎಲ್ಲ ಗೊತ್ತಾಯಿತು.

"ಮಲ್ಕಪ್ಪ ಬಂದಿದ್ದ?"

"ಬಂದಿದ್ದ."

"ಊಟಕ್ಕ ಇರು ಅಂದ್ರೇನು?"

ವಸ್ತಾದ ಕಾಯಿಯನ್ನು ದೇವರ ಗೂಡಿನಲ್ಲಿಟ್ಟ.

"ನನ್ನ ಕೈ ರೊಟ್ಟಿ ತಿಂದು ಬೆಳೆದ ಪೋರ, ಹಬ್ಬದ ದಿನ ಹಸಕೊಂಡು ಹೋದ. ಅಲ್ರೀ, ಆ ಹಿಡಿ ಮಣ್ಣು ಇಟ್ಕೊಂಡು ಏನ್ ಮಾಡ್ತೀರಿ? ತೊಗರಿ ಬಿತ್ತೀರೇನು?"

"ನಿನಗ ಕುಸ್ತಿ ತಿಳಿಯಂಗಿಲ್ಲ. ಸುಮ್ಮನಿರು."

"ಹೌದ್ರಿ, ಕುಸ್ತಿ ತಿಳಿಯಂಗಿಲ್ಲ. ಹಸಿವು ತಿಳೀತದ," ಎಂದು ಅವಳು ರುಬ್ಬುಗುಂಡನ್ನು ಇನ್ನಷ್ಟು ಜೋರಾಗಿ ತಿರುವಿದಳು.

ಕಣ ಮುಚ್ಚಿದ ಮೇಲೆ ವಸ್ತಾದನಿಗೆ ಸಂಜೆ ಬಂದರೆ ಸಾಕು, ಮೈಯೆಲ್ಲ ತುರಿಸಿದಂತಾಗುತ್ತಿತ್ತು. ಎಷ್ಟೋ ವರ್ಷ ಆ ಹೊತ್ತಿಗೆ ಗದರುತ್ತ, ತಟ್ಟುತ್ತ, ಬಿದ್ದವರನ್ನು ಎಬ್ಬಿಸುತ್ತ ಇದ್ದ ಕೈಕಾಲು. ಈಗ ಕಟ್ಟೆಯ ಮೇಲೆ ಕೂತು ಸೊಳ್ಳೆ ಹೊಡೆಯಬೇಕು. ಅಂಥ ಒಂದು ಸಂಜೆ ಬಸ್ ಸ್ಟ್ಯಾಂಡಿನ ಕಡೆ ಕಾಲು ತಾನೇ ಎಳೆಯಿತು. ಅಲ್ಲಿ ಅವನ ಗೆಳೆಯ ಚಾಂದಪಾಶಾನ ಹೋಟೆಲ್ಲು. ಚಾಂದಪಾಶಾ ಹರೆಯದಲ್ಲಿ ಮುಂಬೈ ಬಂದರಿನಲ್ಲಿ ಮೂಟೆ ಹೊತ್ತವನು. ಚಹಾ ಮಾಡುವುದನ್ನೂ ಚೆಂಡಾಟದ ಹುಚ್ಚನ್ನೂ ಅಲ್ಲಿಂದಲೇ ಕಟ್ಟಿಕೊಂಡು ಬಂದಿದ್ದ. ಆ ತಿಂಗಳು ಇಟಲಿಯಲ್ಲಿ ಫುಟ್‌ಬಾಲ್ ವಿಶ್ವಕಪ್ಪು ನಡೆಯುತ್ತಿದೆಯೆಂದು ಹೋಟೆಲ್ಲಿನ ಕಪ್ಪು-ಬಿಳುಪು ಟಿವಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕದಿಂದ ಎತ್ತಿ, ಎಲ್ಲರಿಗೂ ಕಾಣುವಂತೆ ಎತ್ತರದ ಹಲಗೆಯ ಮೇಲೆ ಕೂರಿಸಿದ್ದ.

"ಬರ್ರಿ ವಸ್ತಾದ, ಬರ್ರಿ! ಕಣ ಮುಚ್ಚಿದ ಮ್ಯಾಲರೆ ಬಡವನ ಹೋಟೆಲ್ ನೆನಪಾತಲ್ಲ."

"ಏನ್ ನೋಡಾಕತ್ತೀರಿ ಪಾಶಾಭಾಯಿ? ಇಷ್ಟು ಮಂದಿ ಗಂಡಸರು ಒಂದ್ ಚೆಂಡಿನ ಬೆನ್ನ ಹತ್ತ್ಯಾರ. ಆಳಿಗೊಂದು ಕೊಡಿಸಬಾರದೇನು?"

"ಕೂಡ್ರಿ. ಚಹಾ ಆರೋದ್ರೊಳಗ ತಿಳೀತದ."

ಮೊದಲ ದಿನ ತಿಳಿಯಲಿಲ್ಲ. ಒಬ್ಬ ಆಟಗಾರ ಕಾಲು ತೊಡರಿ ಅಂಗಾತ ಬಿದ್ದ. ಎರಡೂ ಭುಜ ನೆಲಕ್ಕೆ ಹತ್ತಿದ್ದು ಟಿವಿಯಲ್ಲಿ ಸ್ಪಷ್ಟ ಕಂಡಿತು. ವಸ್ತಾದ ಬೆಂಚಿನಿಂದ ಎದ್ದು, "ಚಿತ್! ಮುಗೀತು!" ಎಂದು ಕೂಗಿ, ಹೆಗಲ ಮೇಲಿನ ಶಲ್ಯ ಕೊಡವಿಕೊಂಡು ಮನೆಗೆ ಹೊರಟೇಬಿಟ್ಟ.

"ಎಲ್ಲಿಗೆ ಹೊಂಟ್ರಿ?"

"ಬಿದ್ದನಲ್ಲ. ಇನ್ನೇನದ ನೋಡೋದು?"

ಹೋಟೆಲ್ಲು ಹೋಟೆಲ್ಲೇ ನಕ್ಕಿತು. ಚಾಂದಪಾಶಾ ನಗು ತಡೆದುಕೊಂಡು ಕೈ ಹಿಡಿದು ಕೂರಿಸಿದ. "ಇಲ್ಲಿ ಬಿದ್ದವ ಸೋತಂಗಲ್ಲ ವಸ್ತಾದ. ಎದ್ದು ಮತ್ತ ಓಡ್ತಾನ, ನೋಡ್ರಿ."

ಬಿದ್ದವನು ನಿಜಕ್ಕೂ ಎದ್ದ. ಕೆಡವಿದವನೇ ಕೈ ಕೊಟ್ಟು ಎಬ್ಬಿಸಿದ. ಇಬ್ಬರೂ ಮತ್ತೆ ಚೆಂಡಿನ ಬೆನ್ನು ಹತ್ತಿದರು. ವಸ್ತಾದ ಗಲ್ಲಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿದ.

ಅಂದಿನಿಂದ ಸಂಜೆಯ ಆಟಕ್ಕೆ ಅವನು ತಪ್ಪಲಿಲ್ಲ. ಸರಿರಾತ್ರಿಯ ಆಟ ಅವನಿಗೆ ಬೇಡ. ನಸುಕಿನಲ್ಲಿ ಪೂಜೆಗೆ ಏಳುವ ಜೀವ. ಊಟದ ಹೊತ್ತಿನದಾದರೆ ಸಾಕು. ಯಾವ ದೇಶ ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ, ಆಟಗಾರರ ಹೆಸರು ನಾಲಗೆಗೆ ಹೊರಳುವುದಿಲ್ಲ. ಕರಿ ಅಂಗಿಯವರು, ಬಿಳಿ ಅಂಗಿಯವರು, ಅಷ್ಟೇ. ಅರ್ಧ ಆಟದ ಮೇಲೆ ಎರಡು ಕಡೆಯವರೂ ದಿಕ್ಕು ಬದಲಿಸುತ್ತಾರೆಂಬುದು ತಿಳಿಯದೆ ಒಂದು ಸಂಜೆಯಿಡೀ, "ಈ ಮಂಗ್ಯಾ ತನ್ನ ಮನಿಗೇ ಹೊಡ್ಯಾಕ ಹೊಂಟಾನ!" ಎಂದು ಬೈದದ್ದೂ ಉಂಟು. ಆದರೆ ಆ ಬೈಗುಳದಲ್ಲಿ ಬಿಸಿಯಿರಲಿಲ್ಲ. ನೋಡುತ್ತ ನೋಡುತ್ತ ಮೈ ಹಗುರಾಗುತ್ತಿತ್ತು. ಹೀಗೇಕೆ ಎಂದು ಒಮ್ಮೆ ಮನೆಗೆ ನಡೆಯುವಾಗ ಅವನೇ ಯೋಚಿಸಿದ. ಕುಸ್ತಿ ನೋಡುವಾಗ ಅವನು ಎಂದೂ ಬರೀ ನೋಡಿದವನಲ್ಲ. ಕಣದಲ್ಲಿರುವವನ ಕುತ್ತಿಗೆಯ ಜೊತೆ ತನ್ನ ಕುತ್ತಿಗೆಯೂ ಬಿಗಿಯುತ್ತಿತ್ತು, ಸೋತರೆ ಎರಡು ದಿನ ಅನ್ನ ಸೇರುತ್ತಿರಲಿಲ್ಲ. ಇಲ್ಲಿ ಯಾರು ಗೆದ್ದರೂ ಅವನ ಮನೆಗೆ ಬರುವುದೇನಿಲ್ಲ, ಸೋತರೂ ಹೋಗುವುದೇನಿಲ್ಲ. ಯಾರ ಕಡೆಯೂ ಅಲ್ಲದವನಾಗಿ ಕೂತಾಗ ಎರಡೂ ಕಡೆಯವರ ಬೆವರು ಕಾಣುತ್ತದೆ. ಎಲ್ಲರನ್ನೂ ಹುಟ್ಟಿಸಿದವನು ಮೇಲೆ ಕೂತು ಹೀಗೇ ನೋಡುತ್ತಿರಬೇಕು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡ.

ಮಿರಗ ಮುಗಿದು ಆರಿದ್ರಾ ಮಳೆ ಹಿಡಿದ ದಿನಗಳಲ್ಲಿ ಕ್ಯಾಮರೂನಿಗೂ ಕೊಲಂಬಿಯಾಕ್ಕೂ ಆಟ ಬಿತ್ತು. ಹೊರಗೆ ಮಳೆ, ಒಳಗೆ ಬೀಡಿಯ ಹೊಗೆ, ಭಜಿಯ ಎಣ್ಣೆವಾಸನೆ. ನಿಗದಿಯ ಹೊತ್ತು ಮುಗಿದರೂ ಒಬ್ಬರೂ ಗೋಲು ಹೊಡೆದಿರಲಿಲ್ಲ. ಕ್ಯಾಮರೂನಿನ ಕಡೆ ನಡುವೆ ಬಂದ ಒಬ್ಬನನ್ನು ಚಾಂದಪಾಶಾ ಬೆರಳು ಮಾಡಿ ತೋರಿಸಿದ.

"ಅವನ ನೋಡ್ರಿ. ಮೂವತ್ತೆಂಟು ವಯಸ್ಸು."

"ಮೂವತ್ತೆಂಟಕ್ಕ ಲಂಗೋಟಿ ಬಿಚ್ಚಿ ಮೊಳೀಗೆ ತೂಗುಹಾಕ್ತಾರ. ಇವ ಇನ್ನೂ ಓಡಾಕತ್ತಾನ?"

"ಬಿಚ್ಚಿಟ್ಟಿದ್ದನಂತ್ರಿ. ಊರು ಕರೀತು, ಮತ್ತ ಕಟ್ಟಿದ."

ಹೆಚ್ಚಿನ ಹೊತ್ತಿನ ಆಟದಲ್ಲಿ ಆ ಹಿರಿಯ ಗೋಲು ಹೊಡೆದೇಬಿಟ್ಟ. ಹೊಡೆದು, ಮೂಲೆಯ ಬಾವುಟದ ಹತ್ತಿರ ಓಡಿ ಸೊಂಟ ಕುಣಿಸಿದ. ಸ್ವಲ್ಪ ಹೊತ್ತಿಗೆ ಕೊಲಂಬಿಯಾದ ಗೋಲು ಕಾಯುವವನು ತನ್ನ ಜಾಗ ಬಿಟ್ಟು ದೂರ ಬಂದು ಚೆಂಡಿನ ಜೊತೆ ಆಟವಾಡತೊಡಗಿದ. "ಮನಿ ಬಾಗಿಲ ತೆರದಿಟ್ಟು ಸಂತಿಗೆ ಬಂದಾನಲ್ಲೋ!" ಎಂದು ವಸ್ತಾದ ಕೂಗುವುದಕ್ಕೂ, ಆ ಹಿರಿಯ ಅವನ ಕಾಲಿಂದ ಚೆಂಡು ಕಸಿದು ಖಾಲಿ ಗೋಲಿಗೆ ಹೊಡೆಯುವುದಕ್ಕೂ ಸರಿಹೋಯಿತು. ವಸ್ತಾದ ಎದ್ದು ನಿಂತು ಟಪ್ಪನೆ ತೊಡೆ ತಟ್ಟಿದ. ಅಫಜಲಪುರದ ಕುಸ್ತಿಯಾದ ಮೇಲೆ ಆ ತೊಡೆಯಿಂದ ಅಂಥ ಸದ್ದು ಬಂದಿರಲಿಲ್ಲ. ಚಹಾದ ಕಪ್ಪುಗಳು ಅದುರಿದವು.

"ಮೆಲ್ಲಕ ವಸ್ತಾದ, ಬೆಂಚು ಹಳೇದದ," ಎಂದ ಚಾಂದಪಾಶಾ.

ಕೊಲಂಬಿಯಾದವರು ಕೊನೆಗೆ ಒಂದು ಹೊಡೆದರು. ಗೆದ್ದದ್ದು ಮಾತ್ರ ಕ್ಯಾಮರೂನು. ವಸ್ತಾದ ಅಂದು ಮಳೆಯಲ್ಲಿ ನೆನೆಯುತ್ತಲೇ ಮನೆಗೆ ಹೋದ. ಗುರುಬಾಯಿ ತಲೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟು, "ಯಾರು ಗೆದ್ರು?" ಅಂದಳು.

"ಒಬ್ಬ ಮುದುಕ," ಎಂದು ಹೇಳಿ ಹುಡುಗನ ಹಾಗೆ ನಕ್ಕ.

ಚಾಂದಪಾಶಾ ಹೈದರಾಬಾದಿನ ಉರ್ದು ಪೇಪರು ತರಿಸುತ್ತಿದ್ದ. ಅದು ಆಳಂದಕ್ಕೆ ತಡವಾಗಿ ಬರುತ್ತಿತ್ತು. ಆಟದ ಸುದ್ದಿ ಹಳಸಿದ್ದರೂ ಅವನು ಬಿಸಿ ಮಾಡಿ ಬಡಿಸುತ್ತಿದ್ದ. ಎರಡು ಮೂರು ದಿನ ಕಳೆದ ಮೇಲೆ ಮಧ್ಯಾಹ್ನ ವಸ್ತಾದನೆದುರು ಚಹಾ ಇಟ್ಟು, ಕನ್ನಡಕ ಏರಿಸಿಕೊಂಡು ಪೇಪರು ಬಿಡಿಸಿದ.

"ಮಜಾ ಕೇಳ್ರಿ. ಆ ಮುದುಕ ಅದಾನಲ್ಲ? ಮತ್ತ ಆ ಕೊಲಂಬಿಯಾದಾಗ ಗುಬ್ಬಿಗೂಡಿನಂಥಾ ಕೂದಲದವ ಒಬ್ಬ ಇದ್ದನಲ್ಲ? ಇಬ್ಬರೂ ಮೊದಲ ಫ್ರಾನ್ಸದಾಗ ಒಂದೇ ಕ್ಲಬ್ಬಿನಾಗ ಆಡಿದವರಂತ."

"ಕ್ಲಬ್ ಅಂದ್ರ?"

"ತಾಲೀಮ ಅಂತ ತಿಳ್ಕೋರಿ. ಒಂದೇ ತಾಲೀಮ. ಕಲ್ತಿದ್ದು, ಬೆವರಿದ್ದು ಒಂದೇ ಕಡೆ."

ವಸ್ತಾದ ಕಪ್ಪಿನಿಂದ ಬಸಿಗೆ ಹೊಯ್ದ ಚಹಾವನ್ನು ತುಟಿಯವರೆಗೆ ತಂದವನು ಹಾಗೇ ಹಿಡಿದ.

"ಮತ್ತ ಎದರಾ ಎದರು ಹೆಂಗ ನಿಂತ್ರು?"

"ಅವರವರ ಊರು ಕರೀತು, ನಿಂತ್ರು."

"ಅವರ ವಸ್ತಾದ ಬ್ಯಾಡ ಅನ್ನಲಿಲ್ಲ?"

"ಹೆಂಗ ಅಂತಾನ್ರಿ? ಊರು ಕರದ್ರ ಕಳಿಸಿಕೊಡಬೇಕು. ಅಲ್ಲಿ ರಿವಾಜೇ ಹಂಗದ."

"ಅವ ಎಲ್ಲಿ ಕೂತು ನೋಡಿದ್ದಾನು? ಯಾರ ಕಡಿ ಕೂತಿದ್ದಾನು?"

ಚಾಂದಪಾಶಾ ಪೇಪರಿನ ಮೇಲಿಂದ ಕೆಳಗೆ ಬೆರಳಾಡಿಸಿದ. "ಅದೊಂದು ಬರದಿಲ್ಲ," ಎಂದು ಪೇಪರು ಮಡಿಚಿ, ಒಲೆಯ ಕಡೆ ಎದ್ದು ಹೋದ. ಮಲ್ಕಪ್ಪನ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ.

ಆಟಗಳು ಮುಗಿದವು. ಕಪ್ಪು ಯಾರೋ ಒಯ್ದರು. ವಸ್ತಾದನಿಗೆ ಅದು ನೆನಪಿನಲ್ಲಿ ಉಳಿಯಲಿಲ್ಲ. ಕಣ್ಣಿಗೆ ಕಟ್ಟಿದವನು ತಾನು ಕಾಣದ ಒಬ್ಬ ಮನುಷ್ಯ, ಆ ಫ್ರಾನ್ಸಿನ ವಸ್ತಾದ. ಇಬ್ಬರಿಗೂ ಪಟ್ಟು ಕಲಿಸಿದವನು ಎಲ್ಲೋ ಒಂದು ಟಿವಿಯೆದುರು ಕೂತಿದ್ದಾನೆ. ಒಬ್ಬ ಗೆದ್ದರೆ ಕಣ್ಣು ತುಂಬಬೇಕು, ಇನ್ನೊಬ್ಬ ಸೋತರೂ ತುಂಬಬೇಕು. ಪೂಜೆಗೆ ಕೂತಾಗ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲದೆ ಅವನೇ ಬಂದು ಕೂಡುತ್ತಿದ್ದ. ಅವನು ಕಾಲು ಹಿಂದಕ್ಕೆ ಎಳೆದುಕೊಂಡಿರಲಾರ. ಢಾಕ ಹಾಕಿದ ಕೈ ಯಾರದು, ಬಿದ್ದ ಬೆನ್ನು ಯಾರದು? ಎರಡಕ್ಕೂ ಎಣ್ಣೆ ತಿಕ್ಕಿದ್ದು ಈ ಕೈಯೇ ಅಲ್ಲವೇ? ಅಂದು ಅಫಜಲಪುರದಲ್ಲಿ ತಾನು ಸೋಲಲಿಲ್ಲ. ಗೆದ್ದದ್ದನ್ನು ನೋಡಲು ಬಾರದೆ ಮುಖ ತಿರುಗಿಸಿದೆ ಎಂದು ಅವನಿಗೆ ನಿಧಾನವಾಗಿ ಕಾಣತೊಡಗಿತು. ಆದರೂ ಒಂದು ಮಾತು ಉಳಿದಿತ್ತು. ಬಿದ್ದವನನ್ನು ಕೇಳದೆ ಕ್ಷಮಿಸಲು ತಾನು ಯಾರು?

ಪಂಚಮಿಯ ಹಿಂದಿನ ದಿನ ಸರ್ದಾರ ಜೇವರ್ಗಿಯಿಂದ ಬಂದ. ಮರುದಿನ ಕಣ ತೆರೆಯುವಾಗ ಗುರುವಿನ ಪಕ್ಕದಲ್ಲಿ ಇರಬೇಕಲ್ಲ. ಗುರುಬಾಯಿ ಅವನ ಮುಂದೆ ಜೋಳದ ಅಳ್ಳಿನ ಉಂಡೆಯ ತಾಟು ಇಟ್ಟಳು. ವಸ್ತಾದ ಕೆಮ್ಮಿ, ಕಂಬಕ್ಕೆ ಒರಗಿ, ಕೇಳಿಬಿಟ್ಟ.

"ಸರ್ದಾರ, ಮಲ್ಕಪ್ಪಗ ಹಿಡಿ ಮಣ್ಣು ಕೊಡಬೇಕಂತ ಮನಸಾಗ್ಯದ. ನಿನಗ ಹೆಂಗನಸ್ತದ?"

ಸರ್ದಾರನ ಬಾಯಿಗೆ ಹೋಗುತ್ತಿದ್ದ ಉಂಡೆ ನಿಂತಿತು. "ಇನ್ನೂ ಕೊಟ್ಟಿಲ್ಲೇನ್ರಿ?"

"ನಿನ್ನ ಚಿತ್ ಮಾಡಿದವಗ ಹೆಂಗ ಕೊಡಲಿ?"

"ವಸ್ತಾದರ, ಬಿದ್ದವ ನಾನು. ಮೈನೋವು ನಿಮಗ ಯಾಕ ಇನ್ನೂ ಹೋಗಿಲ್ಲ?" ಎಂದು ಸರ್ದಾರ ನಕ್ಕುಬಿಟ್ಟ. "ಅಂದು ಸಂಜೀಕೇ ಇಬ್ಬರೂ ಕೂಡಿ ಗಾಣಗಾಪುರದ ಹೊಳ್ಯಾಗ ಜಳಕ ಮಾಡೀವಿ. ಅಂವ ಅಳಾಕತ್ತಿದ್ದ. ಗೆದ್ದವಗ ನಾನೇ ಸಮಾಧಾನ ಮಾಡಬೇಕಾತು."

ಒಳಗಿನಿಂದ ಗುರುಬಾಯಿಯ ದನಿ ಬಂತು: "ಕೇಳಿದ್ರೇನ್ರಿ? ಪೋರಗ ತಿಳಿದದ್ದು."

ವಸ್ತಾದ ಕಂಬ ಬಿಟ್ಟು ಎದ್ದ. "ಹಂಗಾದ್ರ ನಾಳಿ ಕಣ ನೀನೇ ತೆರಿ. ನನಗ ಫಸ್ಟ್ ಬಸ್ಸಿಗೆ ಹೋಗೋದದ," ಅಂದ.

ನಸುಕಿನಲ್ಲಿ ಇಬ್ಬರೂ ಸೇರಿ ಚಾಪೆ ಸರಿಸಿದರು. ಮಲಗಿ ಎದ್ದ ಮಣ್ಣಿನಿಂದ ಅರಿಶಿಣ, ಎಣ್ಣೆಯ ಘಮ ಬೆಚ್ಚಗೆ ಮೇಲೆದ್ದಿತು. ಮೊದಲ ಹಿಡಿ ಹಣಮಪ್ಪನ ಪಾದಕ್ಕೆ ಮುಟ್ಟಿಸಿದ ಮೇಲೆ ಗುರುವಿನ ಹಣೆಗೆ ಹಚ್ಚುವುದು ಪದ್ಧತಿ. ವಸ್ತಾದ ಪಾದಕ್ಕೆ ಮುಟ್ಟಿಸಿದ. ಹಣೆಗೆ ಹಚ್ಚಿಕೊಳ್ಳದೆ ಗುರುಬಾಯಿ ಕೊಟ್ಟ ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡ. ಉಳಿದದ್ದನ್ನು ಸರ್ದಾರನಿಗೆ ಬಿಟ್ಟು ಬಸ್ಸಿಗೆ ನಡೆದ. ಪಂಚಮಿಯ ದಿನ ಅವನಿಲ್ಲದೆ ಆ ಕಣದಲ್ಲಿ ಕುಸ್ತಿ ಶುರುವಾದದ್ದು ಅದೇ ಮೊದಲು.

ಅಫಜಲಪುರದಲ್ಲಿ ಬಸ್ಸು ಬದಲಿಸಿ ಕರಜಗಿ ಮುಟ್ಟಿದಾಗ ಹೊತ್ತು ಏರಿತ್ತು. ಬೇವಿನ ಮರಗಳಲ್ಲಿ ಹೆಣ್ಣುಮಕ್ಕಳ ಜೋಕಾಲಿ, ಹುತ್ತದ ಹತ್ತಿರ ಹಾಲಿನ ತಂಬಿಗೆಗಳು. ಊರಂಚಿನ ಕಬ್ಬಿನ ಹೊಲದ ಬದಿಯಲ್ಲಿ ಹೊಸ ತಾಲೀಮು. ಒಳಗೆ ಜಗಳದ ದನಿ. ವಸ್ತಾದ ಬಾಗಿಲ ಹೊರಗೇ ನಿಂತ.

"ಮಣ್ಣಿಗೇನ್ ಬರಾ ಬಂದದೇನಲೇ ಮಲ್ಕಪ್ಪ?" ಊರ ಹಿರಿಯ ರೇವಣಪ್ಪನ ಗಂಟಲು ದೊಡ್ಡದು. "ಹಬ್ಬದ ದಿನ ಇಷ್ಟು ಮಂದಿ ಕೂಡೀವಿ. ಇಳಿ, ತೆರಿ. ಯಾರೋ ಕೊಡಲಿಲ್ಲಂತ ನಾವು ಕೂಡ್ರಬೇಕೇನು?"

"ಯಾರೋ ಅಲ್ರಿ ಕಾಕಾ. ಅವರು ಕೊಟ್ಟಾಗ ತೆರಿಯೂಣು."

"ಕೊಡದಿದ್ರ?"

"ಕೊಡದಿದ್ರ ಹಿಂಗೇ ಇರಲಿ. ನಾ ಕಾಯ್ತೇನಿ."

"ಕಾಯ್ತಾನಂತ! ಕಬ್ಬು ಬೆಳದು ಗಾಣಕ್ಕ ಹೋಗ್ತದ, ನೀ ಕಾಯ್ಕೋತ ಕೂಡು!" ಎಂದು ರೇವಣಪ್ಪ ಜನರ ಕಡೆ ತಿರುಗಿ ಕೈ ಬೀಸುತ್ತ ನ್ಯಾಯ ಹೇಳತೊಡಗಿದ. ಎಲ್ಲರೂ ಅವನ ಕಡೆ ತಿರುಗಿದರು. ಯಾರೂ ಕಾಲಿಡದ ಹೊಸ ಕಣದ ದಡದಲ್ಲಿ ಮಲ್ಕಪ್ಪ ಒಬ್ಬನೇ ತಲೆ ತಗ್ಗಿಸಿ ಕೂತಿದ್ದ.

ವಸ್ತಾದ ಚಪ್ಪಲಿ ಬಿಟ್ಟು ಒಳಗೆ ಬಂದ. ಯಾರ ಗಮನಕ್ಕೂ ಬಾರದೆ ಅವನ ಪಕ್ಕದಲ್ಲಿ, ದಡದ ಮೇಲೆ ಕೂತ. ಮಲ್ಕಪ್ಪ ಮುಖ ಎತ್ತಿದವನು ಏಳಲು ಹೋದ. ವಸ್ತಾದ ಭುಜದ ಮೇಲೆ ಕೈಯಿಟ್ಟು ಹಾಗೇ ಕೂರಿಸಿದ.

"ಊಟಾ ಮಾಡೀಯೇನು?" ಎಂದು ಮೆಲ್ಲಗೆ ಕೇಳಿದ.

ಮಲ್ಕಪ್ಪ ಗುರುವಿನ ಮುಖವನ್ನೇ ನೋಡಿದ. ಇಲ್ಲವೆಂದು ತಲೆಯಾಡಿಸಿದ.

ವಸ್ತಾದ ಅಂಗಿಯ ಒಳಜೇಬಿನಿಂದ ಬಿಳಿ ಗಂಟನ್ನು ತೆಗೆದ. ದಾರಿಯುದ್ದಕ್ಕೂ ಎದೆಗೆ ಒತ್ತಿಕೊಂಡು ಬಂದದ್ದು. ಎಣ್ಣೆ ಜಿನುಗಿ ಬಟ್ಟೆಯಲ್ಲಿ ಹಳದಿ ಕಲೆ ಮೂಡಿತ್ತು.

"ನಿನ್ನದು. ಭಾಳ ದಿನ ನನ್ನ ಕಡಿ ಉಳೀತು," ಎಂದು ಅವನ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿ, ತನ್ನ ಕೈ ತೆಗೆದುಕೊಂಡ.